ತಗ್ಗು ದನಿಗಳ ಜೋಡಿ

ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡಕ ದಾಟಿ ಹೆಬ್ರಿಯತ್ತ ಸಾಗುವ ದಾರಿಯಲ್ಲಿ ಪೆರ್ಡೂರು ಸಿಗುತ್ತದೆ. ಕದಳೀಪ್ರಿಯ ಅನಂತಪದ್ಮನಾಭನ ಊರು. ಸಿಂಹ ಸಂಕ್ರಮಣದ ದಿನ ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ದೇವರಿಗೆ ಬಾಳೆಹಣ್ಣು ಒಪ್ಪಿಸಿ ಹೋಗುವ ರೂಢಿ ಇಲ್ಲಿಯದು. ಊರಿನ ಹೆಸರನ್ನು ನಾಡಿನುದ್ದಕ್ಕೂ ಹೊತ್ತು ತಿರುಗುವ ಯಕ್ಷಗಾನ ಮೇಳವೂ ಉಂಟು. ಇಂಥ ಊರಿನ ಕಿವಿಗೆ ವಾದ್ಯಗಳು ಹೊಸತಲ್ಲ. ನಾಗಸ್ವರ, ಡೋಲು, ಶಂಖ, ಕೊಂಬು, ಚೆಂಡೆ, ಮದ್ದಳೆ, ಈಚಿನ ದಶಕಗಳಲ್ಲಿ ಸ್ಯಾಕ್ಸೋಫೋನ್ - ಇವನ್ನೆಲ್ಲ ಕೇಳುತ್ತಲೇ ಇಲ್ಲಿಯ ಮಕ್ಕಳು ದೊಡ್ಡವರಾಗುತ್ತಾರೆ.

ಈ ಮಕ್ಕಳೆಲ್ಲ ಒಂದು ವಿಚಿತ್ರವನ್ನು ಗಮನಿಸಿರುತ್ತಾರೆ. ಮೆರವಣಿಗೆ ಇನ್ನೂ ದೂರದಲ್ಲಿ, ಅಡಿಕೆ ತೋಟದ ಆಚೆ ಇರುವಾಗ ಮೊದಲು ಕೇಳಿಸುವುದು ಡೋಲಿನ ತಗ್ಗಿನ ಗುಡುಗು. ನಾಗಸ್ವರದ ರಾಗ ಆಮೇಲೆ. ಮೆರವಣಿಗೆ ಮನೆಯ ಮುಂದೆ ಬಂದು ನಿಂತಾಗ ಲೆಕ್ಕ ತಿರುಗಿ ಬೀಳುತ್ತದೆ. ಎಲ್ಲರ ಕಿವಿಯೂ ರಾಗದ ಬೆನ್ನು ಹಿಡಿಯುತ್ತದೆ, ಮೊದಲು ದಾರಿ ತೋರಿಸಿದ ತಗ್ಗು ದನಿ ಹಿಂದಕ್ಕೆ ಸರಿಯುತ್ತದೆ. ದೂರದಲ್ಲಿ ಮೊದಲು ಕೇಳುವುದು ಯಾವುದೋ, ಹತ್ತಿರದಲ್ಲಿ ಮೊದಲು ಮರೆತುಹೋಗುವುದೂ ಅದೇ.

ಹೀಗೆ ಮರೆತುಹೋಗುವ ದನಿಗಳಲ್ಲಿ ಒಂದು ದೊಡ್ಡ ಕುಟುಂಬವೇ ಇದೆ. ಅದು ಮಂದ್ರಸ್ಥಾಯಿಯ ಹಿತ್ತಾಳೆ ಕಹಳೆಗಳ ಕುಟುಂಬ. ಶಾಲೆಯ ಬ್ಯಾಂಡ್, ಪೊಲೀಸ್ ಬ್ಯಾಂಡ್, ಇಗರ್ಜಿಯ ಹಬ್ಬದ ಬ್ಯಾಂಡ್, ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟುಗಳಲ್ಲಿ ಟ್ರಂಪೆಟ್ಟಿನ ಹಿಂದೆ ನಿಲ್ಲುವ ಟ್ರಂಬೋನ್, ಯುಫೋನಿಯಮ್, ಟ್ಯೂಬಾಗಳೇ ಆ ಕುಟುಂಬದವರು. ಮೈಯಲ್ಲಿ ದೊಡ್ಡವು, ಕೆಲಸದಲ್ಲಿ ಹಿಂದಿನ ಸಾಲಿನವು. ಆದರೆ ಇವುಗಳಲ್ಲಿ ಎರಡನ್ನು ಮಾತ್ರ ಪಕ್ಕದಲ್ಲಿ ಕುಳ್ಳಿರಿಸಿ, ಮೇಲಿನವರನ್ನೆಲ್ಲ ಹೊರಗೆ ಕಳಿಸಿ, ಇಬ್ಬರೇ ನುಡಿಸಿ ಎಂದರೆ ಏನಾಗುತ್ತದೆ? ಪಾಶ್ಚಾತ್ಯ ಸಂಗೀತದಲ್ಲಿ ಇಂಥ ಜೋಡಿವಾದನದ ಒಂದು ಸಂಪ್ರದಾಯವೇ ಬೆಳೆದಿದೆ. ಅದನ್ನು ಸವಿಯುವುದಕ್ಕೆ ಸ್ವರಲಿಪಿ ಓದಲು ಬರಬೇಕಾಗಿಲ್ಲ. ಸ್ವಲ್ಪ ವಿಜ್ಞಾನ, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ತುಟಿಯೇ ತಂತಿ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಹಿತ್ತಾಳೆಯಿಂದ ಮಾಡಿದ್ದೆಲ್ಲ ಹಿತ್ತಾಳೆ ವಾದ್ಯವಲ್ಲ. ಕದ್ರಿ ಗೋಪಾಲನಾಥರು (1949-2019) ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೋಫೋನಿನ ಮೈ ಹಿತ್ತಾಳೆಯದೇ. ಆದರೂ ಅದು ಸೇರುವುದು ಕೊಳಲು, ಕ್ಲಾರಿಯೊನೆಟ್ಟುಗಳ ಪಂಗಡಕ್ಕೆ. ಏಕೆಂದರೆ ಅದರಲ್ಲಿ ಕಂಪಿಸುವುದು ಬೆತ್ತದ ತೆಳ್ಳನೆಯ ಪಟ್ಟಿ. ನಿಜವಾದ ಹಿತ್ತಾಳೆ ವಾದ್ಯದಲ್ಲಿ ಕಂಪಿಸುವುದು ಊದುವವನ ತುಟಿ. ಆ ಲೆಕ್ಕದಲ್ಲಿ ಕಂಬಳದ ಗದ್ದೆಗೆ ಕೋಣಗಳು ಇಳಿಯುವಾಗ, ಭೂತದ ಕೋಲದಲ್ಲಿ, ದೇವರ ಬಲಿ ಹೊರಡುವಾಗ ತುಳುನಾಡಿನಲ್ಲಿ ಊದುವ ಕೊಂಬು ಟ್ರಂಬೋನಿನ ಹತ್ತಿರದ ಬಂಧು. ಶಂಖವೂ ದೂರದ ಸಂಬಂಧಿಯೇ.

ಕೊಂಬಿಗೆ ತೂತುಗಳಿಲ್ಲ, ಗುಂಡಿಗಳಿಲ್ಲ. ಆದರೂ ಅದರಿಂದ ಒಂದಕ್ಕಿಂತ ಹೆಚ್ಚು ಸ್ವರ ಬರುತ್ತದೆ. ಊದುವವನು ತುಟಿ ಬಿಗಿ ಮಾಡಿದಂತೆ ದನಿ ಮೆಟ್ಟಿಲು ಹಾರುತ್ತ ಷಡ್ಜದಿಂದ ಪಂಚಮಕ್ಕೆ, ಅಲ್ಲಿಂದ ಮೇಲಿನ ಷಡ್ಜಕ್ಕೆ ಏರುತ್ತದೆ. ಕೊಳವೆಯೊಳಗಿನ ಗಾಳಿ ತನಗೆ ಒಪ್ಪುವ ಕೆಲವು ಆವೃತ್ತಿಗಳಲ್ಲಿ ಮಾತ್ರ ಅನುನಾದಗೊಳ್ಳುತ್ತದೆ. ಆ ಆವೃತ್ತಿಗಳು 2, 3, 4, 5, 6 ಎಂಬ ಸರಳ ಸಂಖ್ಯೆಗಳ ಪ್ರಮಾಣಕ್ಕೆ ಹತ್ತಿರದಲ್ಲಿರುತ್ತವೆ. 2ಕ್ಕೆ 3 ಎಂದರೆ ಷಡ್ಜ-ಪಂಚಮ, 4ಕ್ಕೆ 5 ಎಂದರೆ ಷಡ್ಜ-ಅಂತರ ಗಾಂಧಾರ. ಯುರೋಪಿನ ಹಾರ್ನ್ ಎಂಬ ಸುರುಳಿ ಕಹಳೆಗೂ 19ನೆಯ ಶತಮಾನದ ಆರಂಭದವರೆಗೆ ಗುಂಡಿಗಳಿರಲಿಲ್ಲ. ಅಂಥ ಎರಡು ಹಾರ್ನ್‌ಗಳಿಗಾಗಿ ಮೊಜಾರ್ಟ್ 1786ರಲ್ಲಿ 12 ಪುಟ್ಟ ಯುಗಳಗಳನ್ನು ಬರೆದ. ಕೈಗೆ ಸಿಗುವ ಸ್ವರಗಳೇ ಕಡಿಮೆ ಇರುವಾಗ ಇಬ್ಬರು ಸೇರಿ ಎಷ್ಟು ಮಾತಾಡಬಹುದು ಎಂಬುದಕ್ಕೆ ಅವು ಮಾದರಿ.

ಉದ್ದ ಹೆಚ್ಚಿದಷ್ಟೂ ದನಿ ತಗ್ಗು

ಕೊಂಬಿನ ದನಿ ಮಂದ್ರದ್ದಲ್ಲ, ಎತ್ತರದ್ದು. ಮಂದ್ರಕ್ಕೆ ಇಳಿಯಬೇಕಾದರೆ ಕೊಳವೆ ಉದ್ದವಾಗಬೇಕು. ಟ್ರಂಬೋನಿನ ಕೊಳವೆಯನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಸುಮಾರು 2.7 ಮೀಟರ್ ಆಗುತ್ತದೆ. ದೊಡ್ಡ ಟ್ಯೂಬಾದ್ದು ಸುಮಾರು 5.5 ಮೀಟರ್, ಎಂದರೆ ಒಂದು ಸಾಧಾರಣ ತರಗತಿ ಕೋಣೆಯ ಅಗಲ. ಶಬ್ದದ ವೇಗ ನಮ್ಮ ಕರಾವಳಿಯ ಸೆಖೆಯಲ್ಲಿ ಸೆಕೆಂಡಿಗೆ ಸುಮಾರು 350 ಮೀಟರ್. ಅದನ್ನು ಕೊಳವೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ವಾದ್ಯದ ಅತಿ ಕೆಳಗಿನ ಸ್ವಾಭಾವಿಕ ಸ್ವರದ ಆವೃತ್ತಿ ಹೆಚ್ಚು ಕಡಿಮೆ ಸಿಗುತ್ತದೆ. ಟ್ರಂಬೋನಿಗೆ ಸುಮಾರು 60 ಹರ್ಟ್ಸ್, ಟ್ಯೂಬಾಕ್ಕೆ ಸುಮಾರು 30. ಉದ್ದ ಇಮ್ಮಡಿಯಾದರೆ ದನಿ ಒಂದು ಸ್ಥಾಯಿ ಕೆಳಗೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಕಾಗದದ ಮೇಲೆ ಮಾಡಬಲ್ಲ ಲೆಕ್ಕವಿದು.

ಈ ಕುಟುಂಬದಲ್ಲಿ ಟ್ರಂಬೋನ್ ಹಿರಿಯ. 15ನೆಯ ಶತಮಾನದಲ್ಲಿ ಯುರೋಪಿನಲ್ಲಿ ಹುಟ್ಟಿದ ಅದು ತನ್ನ ಜಾರುಕೊಳವೆಯನ್ನು ಹಿಂದೆ ಮುಂದೆ ಎಳೆದೇ ಉದ್ದ ಬದಲಾಯಿಸಿಕೊಳ್ಳುತ್ತದೆ. ಟ್ಯೂಬಾ ಕಿರಿಯ. ಬರ್ಲಿನ್ನಿನಲ್ಲಿ ವೀಪ್ರೆಕ್ಟ್ ಎಂಬ ಬ್ಯಾಂಡ್ ಮಾಸ್ಟರ್ ಮತ್ತು ಮೊರಿಟ್ಜ್ ಎಂಬ ವಾದ್ಯ ತಯಾರಕ ಸೇರಿ 1835ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಯುಫೋನಿಯಮ್ 1840ರ ದಶಕದ್ದು. ಇಲ್ಲೊಂದು ಸ್ವಾರಸ್ಯವಿದೆ. ಯುಫೋನಿಯಮ್ಮಿನ ಕೊಳವೆಯ ಉದ್ದವೂ ಟ್ರಂಬೋನಿನಷ್ಟೇ. ಎರಡೂ ಒಂದೇ ಸ್ವರವನ್ನು ಊದಬಲ್ಲವು. ಆದರೆ ಟ್ರಂಬೋನಿನ ಕೊಳವೆ ಬಹುಪಾಲು ಒಂದೇ ಗಾತ್ರದ್ದು, ಯುಫೋನಿಯಮ್ಮಿನದು ಬಾಯಿಂದ ಕೊನೆಯವರೆಗೆ ಅಗಲವಾಗುತ್ತ ಹೋಗುವಂಥದು. ಅಷ್ಟರಿಂದಲೇ ಒಂದರ ದನಿ ಖಡಕ್ಕಾಗಿ ನೇರವಾಗಿ ಬರುತ್ತದೆ, ಇನ್ನೊಂದರದು ಮೆದುವಾಗಿ ದುಂಡಗೆ ಬರುತ್ತದೆ. ಒಂದೇ ಎತ್ತರದ ಅಣ್ಣತಮ್ಮಂದಿರ ಮುಖ ಬೇರೆಯಾಗುವ ಹಾಗೆ. ಈ ಎರಡರ ಜೋಡಿಯನ್ನು ಕೇಳುವ ಸುಖ ಇರುವುದು ಈ ವ್ಯತ್ಯಾಸದಲ್ಲಿಯೇ.

ಹಿಂದಿನ ಸಾಲಿನ ಹುಡುಗ

ಪೆರ್ಡೂರಿನಂಥ ಊರಿಂದ ಪೇಟೆಯ ಶಾಲೆಗೆ ಬಸ್ಸಿನಲ್ಲಿ ಹೋಗುವ ಹುಡುಗನೊಬ್ಬ ಇದ್ದಾನೆ ಎನ್ನಿ. ಒಂಬತ್ತನೆಯ ತರಗತಿ, ವಯಸ್ಸಿಗೆ ಮೀರಿದ ಮೈಕಟ್ಟು. ಶಾಲೆಯ ಬ್ಯಾಂಡಿಗೆ ಸೇರುವಾಗ ಅವನ ಕಣ್ಣು ಟ್ರಂಪೆಟ್ಟಿನ ಮೇಲೆ. ಬ್ಯಾಂಡ್ ಮಾಸ್ಟರ್ ಅವನ ಮೈ ನೋಡಿ ಯುಫೋನಿಯಮ್ ಹೊರಿಸಿದರು. ವರ್ಷವಿಡೀ ಸಂಜೆ ಒಂದೊಂದು ಗಂಟೆ ಅಭ್ಯಾಸ. ವಾರ್ಷಿಕೋತ್ಸವಕ್ಕೆ ಅಪ್ಪ, ಅಮ್ಮ ಬಂದರು. ಮರಳಿ ಬರುವಾಗ ಅಪ್ಪನ ಪ್ರಶ್ನೆ: "ಎಂತ ಮಾರಾಯ, ಎಲ್ಲರದ್ದೂ ಕೇಳಿತು, ನಿನ್ನದು ಮಾತ್ರ ಒಂಚೂರೂ ಕೇಳಲೇ ಇಲ್ಲ. ನೀನು ಊದಿದ್ಯೋ, ಬರೀ ಹಿಡ್ಕೊಂಡು ನಿಂತದ್ದೋ?"

ಅಪ್ಪ ತಮಾಷೆಗೆ ಕೇಳಿದ್ದು. ಹುಡುಗನಿಗೆ ಅದು ತಮಾಷೆಯಾಗಲಿಲ್ಲ. ಅಮ್ಮನ ಮಾತು ಇನ್ನೂ ನೇರ: "ಬರುವ ವರ್ಷ ಹತ್ತನೇ ಕ್ಲಾಸು. ಕೇಳದ ವಾದ್ಯಕ್ಕೆ ದಿನಾ ಒಂದು ಗಂಟೆ ಯಾಕೆ ಹಾಳು ಮಾಡುದು?"

ಮರುದಿನ ಹುಡುಗ ಮಾಸ್ಟರ ಎದುರು ನಿಂತ. "ಸರ್, ನಂಗೆ ಟ್ರಂಪೆಟ್ ಕೊಡ್ತೀರಾ? ಇಲ್ಲದಿದ್ರೆ ನಾನು ಬಿಡ್ತೇನೆ."

ಮಾಸ್ಟರು ಗದರಲಿಲ್ಲ. "ಟ್ರಂಪೆಟ್ ಆಮೇಲೆ ನೋಡುವ. ನಾಳೆಯಿಂದ ನೀನೂ ಆ ಟ್ರಂಬೋನಿನವನೂ ಅರ್ಧ ಗಂಟೆ ಮೊದಲು ಬನ್ನಿ. ಇಬ್ಬರೇ ಬನ್ನಿ" ಎಂದರು. ಎರಡು ದನಿಗಳಿಗೆ ಬರೆದ ಒಂದು ಪುಟ ಅವರ ಮುಂದಿಟ್ಟರು. ಮೊದಲ ವಾರ ಇಬ್ಬರೂ ಹೆದರಿದರು. ಬ್ಯಾಂಡಿನಲ್ಲಿ ತಪ್ಪಿದರೆ ಡ್ರಮ್ಮು ಮುಚ್ಚುತ್ತದೆ, ಇಲ್ಲಿ ಮುಚ್ಚುವವರೇ ಇಲ್ಲ. ಎರಡನೆಯ ವಾರ ಒಬ್ಬ ಇನ್ನೊಬ್ಬನನ್ನು ಕೇಳತೊಡಗಿದ. ಒಂದು ತಿಂಗಳಾಗುವಾಗ ಮಗನನ್ನು ಕರಕೊಂಡು ಹೋಗಲು ಸ್ಕೂಟರಿನಲ್ಲಿ ಬಂದ ಅಪ್ಪ ಕೋಣೆಯ ಹೊರಗೆ ನಿಂತರು. ಒಳಗಿನಿಂದ ಬರುತ್ತಿದ್ದ ದನಿ ಗೋಡೆಯನ್ನೂ ದಾಟಿ ಎದೆಗೆ ತಾಗುತ್ತಿತ್ತು. ಹುಡುಗರು ಹೊರಗೆ ಬಂದಾಗ ಅವರು ಕೇಳಿದ್ದು, "ಅದರಲ್ಲಿ ನಿನ್ನದು ಯಾವುದು?"

"ಮೊದಲು ಮೇಲಿನದು ನಾನು. ಮತ್ತೆ ಅವ ಮೇಲೆ ಹೋದ, ನಾನು ಕೆಳಗೆ ಬಂದೆ."

"ಹೌದಾ? ಇನ್ನೊಮ್ಮೆ ಊದಿ ನೋಡುವ" ಎಂದರು ಅಪ್ಪ.

ಇಂಥ ಹುಡುಗ ಬೇರೆ ಬೇರೆ ಹೆಸರಿನಲ್ಲಿ ಎಲ್ಲ ಶಾಲೆಗಳಲ್ಲೂ ಇರುತ್ತಾನೆ. ಅವನ ಕೈಯಲ್ಲಿ ಯುಫೋನಿಯಮ್ಮೇ ಇರಬೇಕೆಂದಿಲ್ಲ. ನಾಟಕದಲ್ಲಿ ಪರದೆ ಎಳೆಯುವವನು, ಕಬಡ್ಡಿಯಲ್ಲಿ ಸರಪಳಿ ಬಿಡದೆ ಹಿಡಿದುಕೊಳ್ಳುವವನು, ಸಮೂಹಗಾನದಲ್ಲಿ ಹಿಂದೆ ನಿಂತು ಶ್ರುತಿ ಕೆಡಿಸದೆ ಹಾಡುವವಳು. ಇವರದೆಲ್ಲ ಮಂದ್ರಸ್ಥಾಯಿ. ಮನೆಯವರಿಗೆ ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ತಮ್ಮ ಕೆಲಸವನ್ನು ಬಿಟ್ಟುಬಿಟ್ಟರೆ ನಷ್ಟ ಅವರೊಬ್ಬರದೇ ಅಲ್ಲ.

ಕಿವಿಯ ಪಕ್ಷಪಾತ

ಅಪ್ಪನಿಗೆ ಕೇಳಲಿಲ್ಲ ಎಂದರೆ ಅಪ್ಪನ ತಪ್ಪೇನೂ ಅಲ್ಲ. ಮನುಷ್ಯನ ಕಿವಿಯ ರಚನೆಯೇ ಹಾಗೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬವರು 1933ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಗೆರೆ ಎಳೆದು ತೋರಿಸಿತು. ಕೆಲವು ಸಾವಿರ ಹರ್ಟ್ಸ್‌ನ ಆಸುಪಾಸಿನ ದನಿಗೆ ಕಿವಿ ಬಲು ಚುರುಕು, ತಗ್ಗಿನ ದನಿಗೆ ಮಂದ. 60 ಹರ್ಟ್ಸ್‌ನ ದನಿ ಅಷ್ಟೇ ಗಟ್ಟಿಯಾಗಿ ಕೇಳಬೇಕಾದರೆ ಬಹಳ ಹೆಚ್ಚಿನ ಶಕ್ತಿ ಬೇಕು. ಸಾಲದ್ದಕ್ಕೆ ಹಲವು ದನಿಗಳು ಒಟ್ಟಿಗೆ ಬಂದಾಗ ಮನಸ್ಸು ಎಲ್ಲಕ್ಕಿಂತ ಮೇಲಿನದನ್ನೇ ರಾಗವೆಂದು ಹಿಡಿದುಕೊಳ್ಳುತ್ತದೆ.

ಹಾಗಾದರೆ ದೂರದ ಡೋಲು ಮೊದಲು ಕೇಳುವುದೇಕೆ? 60 ಹರ್ಟ್ಸ್‌ನ ಅಲೆಯ ತರಂಗದೂರ ಸುಮಾರು 6 ಮೀಟರ್. ಅಷ್ಟುದ್ದದ ಅಲೆ ಗೋಡೆ, ಮರ, ಗುಡ್ಡೆಯ ಅಂಚುಗಳನ್ನು ಸುತ್ತಿಕೊಂಡು ಮುಂದೆ ಹೋಗುತ್ತದೆ. ಎತ್ತರದ ದನಿಯ ಸಣ್ಣ ಅಲೆಗಳನ್ನು ಅಡ್ಡಗಳು ತಡೆಯುತ್ತವೆ, ಗಾಳಿಯೂ ಅವನ್ನು ಬೇಗ ಹೀರಿಕೊಳ್ಳುತ್ತದೆ. ದೂರ ಹೋಗುವಾಗ ಉಳಿಯುವುದು ತಗ್ಗು ದನಿಯೇ.

ಇನ್ನೊಂದು ಸಂಗತಿ ಈಚಿನದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಮೇಲಿನ, ಒಂದು ಕೆಳಗಿನ ಸ್ವರವನ್ನು ಒಟ್ಟಿಗೆ ಮತ್ತೆ ಮತ್ತೆ ಕೇಳಿಸುತ್ತ, ಆಗಾಗ ಎರಡರಲ್ಲಿ ಒಂದನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಮೊದಲೇ ನುಡಿಸಿದರು. ಕೇಳುವವರ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಕೆಳಗಿನ ಸ್ವರ ಕಾಲ ತಪ್ಪಿದಾಗಲೇ ಮಿದುಳು ಹೆಚ್ಚು ಎಚ್ಚರಗೊಂಡದ್ದು ಕಂಡಿತು. ತಾಳ ಹಾಕುವ ಬೆರಳುಗಳೂ ಕೆಳದನಿಯನ್ನೇ ಹೆಚ್ಚು ಅನುಸರಿಸಿದವು. ರಾಗಕ್ಕೆ ಮೇಲುದನಿಯನ್ನು ನಂಬುವ ಕಿವಿ ಲಯಕ್ಕೆ ಕೆಳದನಿಯನ್ನು ನಂಬುತ್ತದೆ. ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುವವರ ಕಾಲುಗಳನ್ನು ನಡೆಸುವುದು ಅವರು ಗಮನವಿಟ್ಟು ಕೇಳಿಸಿಕೊಳ್ಳದ ಆ ದೊಡ್ಡ ಕಹಳೆಗಳೇ.

ಯಕ್ಷಗಾನ ನೋಡಿದವರಿಗೆ ಇದು ಹೊಸ ಮಾತಲ್ಲ. ಚೆಂಡೆಯ ಅಬ್ಬರ ಗುಡ್ಡೆಯಾಚೆಗೂ ಕೇಳುತ್ತದೆ. ಆದರೆ ಭಾಗವತರ ಶ್ರುತಿಗೆ ಕೂಡಿಕೊಂಡು ಪದ್ಯದ ನಡೆಯನ್ನು ಹಿಡಿದು ಕೂತಿರುವುದು ಮದ್ದಳೆ. ಪೆರ್ಡೂರಿನ ಪಕ್ಕದ ಹಿರಿಯಡಕದವರಾಗಿ, ನೂರರ ಹರೆಯ ಮುಟ್ಟಿ 2020ರಲ್ಲಿ ತೀರಿಕೊಂಡ ಹಿರಿಯಡಕ ಗೋಪಾಲ ರಾಯರು ಹೆಸರಾದದ್ದು ಮದ್ದಳೆಯಿಂದ. ಚೆಂಡೆಯ ಗದ್ದಲದೊಳಗೆ ಮದ್ದಳೆಯನ್ನು ಹುಡುಕಿ ಕೇಳಬಲ್ಲ ಪ್ರೇಕ್ಷಕರು ಈ ಸೀಮೆಯಲ್ಲಿ ಇರುವುದರಿಂದಲೇ ಅಂಥ ಕಲಾವಿದರಿಗೆ ಬೆಲೆ ಬಂತು. ಆ ಕಿವಿಯನ್ನೇ ಟ್ರಂಬೋನ್, ಟ್ಯೂಬಾಗಳ ಕಡೆಗೂ ತಿರುಗಿಸಬೇಕು, ಅಷ್ಟೆ.

ಕೆಸರಾಗದಂತೆ ಕಟ್ಟುವ ಜಾಣ್ಮೆ

ಎರಡು ತಗ್ಗು ದನಿಗಳಿಗೆ ಸಂಗೀತ ಬರೆಯುವುದು ಸುಲಭವಲ್ಲ. ಕಾರಣ ಸರಳ ಗಣಿತದಲ್ಲಿದೆ. ಎರಡು ದನಿಗಳ ಆವೃತ್ತಿ ತುಸುವೇ ಬೇರೆಯಾದರೆ ಅವು ಕೂಡಿದಾಗ ದನಿ ಏರಿಳಿಯುತ್ತದೆ. ಪಿಯುಸಿ ಪುಸ್ತಕದಲ್ಲಿ ಬರುವ 'ಬೀಟ್ಸ್' ಇದೇ. 110 ಮತ್ತು 112 ಹರ್ಟ್ಸ್ ಕೂಡಿದರೆ ಸೆಕೆಂಡಿಗೆ ಎರಡು ಏರಿಳಿತ. ವ್ಯತ್ಯಾಸ 20ರ ಸುಮಾರಿಗೆ ಬಂದರೆ ಏರಿಳಿತ ಬಿಡಿಬಿಡಿಯಾಗಿ ಕೇಳದೆ ಗೊರಗೊರ ಸದ್ದಾಗುತ್ತದೆ. ಷಡ್ಜ ಮತ್ತು ಅಂತರ ಗಾಂಧಾರದ ಪ್ರಮಾಣ 4ಕ್ಕೆ 5. ಇದನ್ನು 400 ಮತ್ತು 500 ಹರ್ಟ್ಸ್‌ನಲ್ಲಿ ನುಡಿಸಿದರೆ ವ್ಯತ್ಯಾಸ 100, ಕಿವಿಗೆ ಜೇನು. ಅದೇ ಜೋಡಿಯನ್ನು 80 ಮತ್ತು 100ಕ್ಕೆ ಇಳಿಸಿದರೆ ವ್ಯತ್ಯಾಸ 20, ಕಿವಿಗೆ ಕೆಸರು. ಮೇಲಿನ ಸ್ಥಾಯಿಯಲ್ಲಿ ಸಿಹಿಯಾದದ್ದು ಕೆಳಗಿನ ಸ್ಥಾಯಿಯಲ್ಲಿ ಹಾಗೆಯೇ ಉಳಿಯುವುದಿಲ್ಲ.

ಆದ್ದರಿಂದ ಬಲ್ಲವರು ತಗ್ಗಿನ ಜೋಡಿಯನ್ನು ದೂರ ದೂರ ಇಡುತ್ತಾರೆ. ಷಡ್ಜದ ಮೇಲೆ ಪಂಚಮ, ಅಥವಾ ಒಂದು ಸ್ಥಾಯಿ ದಾಟಿ ಗಾಂಧಾರ. ಇಲ್ಲವೇ ಇಬ್ಬರನ್ನೂ ಒಟ್ಟಿಗೆ ಓಡಿಸದೆ ಒಬ್ಬ ನಿಂತಾಗ ಇನ್ನೊಬ್ಬನನ್ನು ನಡೆಸುತ್ತಾರೆ. ದಾರಿ ಇಕ್ಕಟ್ಟಾದಾಗ ಎದುರು ಬದುರಾದ ಎರಡು ಬಸ್ಸುಗಳಲ್ಲಿ ಒಂದು ಬದಿಗೆ ಸರಿದು ನಿಲ್ಲುವ ಹಾಗೆ. ತಗ್ಗಿನ ಜೋಡಿವಾದನದಲ್ಲಿ ಮೌನಕ್ಕೆ ಇಷ್ಟು ಜಾಗ ಇರುವುದು ಇದರಿಂದಲೇ.

ಇದಕ್ಕೆ ತಿರುಗಿಸಿದ ಒಂದು ಬೆರಗೂ ಉಂಟು. ಶ್ರುತಿ ಕರಾರುವಾಕ್ಕಾಗಿ ಕೂಡಿದಾಗ ಇಬ್ಬರೂ ಊದದ ಮೂರನೆಯ ದನಿಯೊಂದು ಕೆಳಗೆ ಕೇಳಿಸುವುದುಂಟು. ಒಬ್ಬ 200, ಇನ್ನೊಬ್ಬ 300 ಹರ್ಟ್ಸ್ ಗಟ್ಟಿಯಾಗಿ ಊದಿದರೆ 100 ಹರ್ಟ್ಸ್‌ನ ನೆರಳು. ಇಟಲಿಯ ಪಿಟೀಲು ವಾದಕ ಟಾರ್ಟಿನಿ 1714ರ ಸುಮಾರಿಗೆ ಇದನ್ನು ಗುರುತಿಸಿ, ತನ್ನ ಶಿಷ್ಯರು ಶ್ರುತಿ ಸರಿಪಡಿಸಿಕೊಳ್ಳುವುದಕ್ಕೆ ಬಳಸಿದ. ಇಬ್ಬರಲ್ಲಿ ಯಾರೊಬ್ಬ ತುಸು ಜಾರಿದರೂ ಈ ಮೂರನೆಯವನು ಅಲುಗಿಬಿಡುತ್ತಾನೆ.

ಯಾವುದನ್ನು ಕೇಳುವುದು?

ಈ ಜೋಡಿಗಳಿಗೆ ಹಳೆಯ ಚರಿತ್ರೆ ಇದೆ. ಒರ್ಲಾಂಡೊ ಡಿ ಲಾಸ್ಸೊ ಎಂಬ ಸಂಗೀತಗಾರ 1577ರಲ್ಲಿ ಮ್ಯೂನಿಕ್‌ನಲ್ಲಿ ಎರಡೇ ದನಿಗಳ 24 ರಚನೆಗಳನ್ನು ಅಚ್ಚು ಹಾಕಿಸಿದ. ಅವುಗಳಲ್ಲಿ 12ಕ್ಕೆ ಸಾಹಿತ್ಯವೇ ಇಲ್ಲ. ಇಂದಿಗೂ ಟ್ರಂಬೋನ್ ಕಲಿಯುವವರು ಅವನ್ನು ಜೋಡಿಯಾಗಿ ನುಡಿಸುತ್ತಾರೆ. ಟೆಲೆಮನ್ ಎಂಬ ಜರ್ಮನ್ ಸಂಗೀತಗಾರ 1738ರಲ್ಲಿ ಪ್ರಕಟಿಸಿದ ಆರು ಯುಗಳಗಳಲ್ಲಿ ಇನ್ನೊಂದು ಚಮತ್ಕಾರ. ಇಬ್ಬರಿಗೂ ಒಂದೇ ಪುಟ. ಎರಡನೆಯವನು ತುಸು ತಡವಾಗಿ ಆರಂಭಿಸಿ ಮೊದಲನೆಯವನ ಮಾತನ್ನೇ ಹಿಂಬಾಲಿಸುತ್ತಾನೆ. ಕೊಳಲು, ಪಿಟೀಲುಗಳಿಗಾಗಿ ಬರೆದ ಇವನ್ನು ತಗ್ಗಿನ ಕಹಳೆಯವರು ತಮ್ಮ ಸ್ಥಾಯಿಗೆ ಇಳಿಸಿಕೊಂಡಿದ್ದಾರೆ. ಬಾಖ್ ಮಕ್ಕಳ ಪಾಠಕ್ಕಾಗಿ 1723ರಲ್ಲಿ ಹೊಂದಿಸಿದ ಎರಡು ದನಿಯ 15 ಕಿರುರಚನೆಗಳೂ ಹಾಗೆಯೇ ಇವರ ಮನೆ ಸೇರಿವೆ.

ಮೊಜಾರ್ಟ್ 1791ರಲ್ಲಿ ಬರೆಯುತ್ತ ಅರ್ಧದಲ್ಲಿ ಬಿಟ್ಟು ತೀರಿಕೊಂಡ 'ರೆಕ್ವಿಯಮ್'ನಲ್ಲಿ ಒಂದು ಜಾಗ ಬರುತ್ತದೆ. ಅಂತ್ಯದ ದಿನ ಸತ್ತವರನ್ನು ಕರೆಯುವ ಕಹಳೆಯ ಪ್ರಸಂಗ. ಟ್ರಂಬೋನ್ ಒಂದೇ ದನಿಯೆತ್ತುತ್ತದೆ. ಬಳಿಕ ತಗ್ಗು ಕಂಠದ ಗಾಯಕ ಸೇರುತ್ತಾನೆ. ಲೋಹದ ಕಂಠವೊಂದು, ಮನುಷ್ಯನ ಕಂಠವೊಂದು ಸೇರಿ ಸ್ವಲ್ಪ ಹೊತ್ತು ಜೊತೆಯಲ್ಲಿ ನಡೆಯುತ್ತವೆ. ತಗ್ಗಿನ ಜೋಡಿ ಎಂದರೇನು ಎಂದು ಒಂದೇ ನಿಮಿಷದಲ್ಲಿ ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ರಷ್ಯದ ಬ್ಲಾಜೆವಿಚ್ (1881-1942) ಸ್ವತಃ ಟ್ರಂಬೋನ್ ಗುರು. ಆತ ಎರಡು ಟ್ರಂಬೋನ್‌ಗಳಿಗಾಗಿಯೇ ಬರೆದ ಯುಗಳಗಳನ್ನು ಕಲಿಯುವವರು ಇಂದಿಗೂ ಊದುತ್ತಾರೆ.

ನಮ್ಮ ನಾಡಿನಲ್ಲಿ ಈ ವಾದ್ಯಗಳನ್ನು ಕಣ್ಣಾರೆ ನೋಡಬೇಕೆಂದರೆ ಮೈಸೂರು ದಸರೆಯ ಪೊಲೀಸ್ ಬ್ಯಾಂಡ್ ಒಳ್ಳೆಯ ಅವಕಾಶ. ಮೈಸೂರು ಅರಮನೆಯ ಬ್ಯಾಂಡಿನ ಚರಿತ್ರೆ 1868ರಷ್ಟು ಹಿಂದಕ್ಕೆ ಹೋಗುತ್ತದೆ. ಬಾಲಕ ಗೋಪಾಲನಾಥರಿಗೆ ಸ್ಯಾಕ್ಸೋಫೋನಿನ ಮರುಳು ಹತ್ತಿದ್ದೂ ಆ ಅರಮನೆಯ ಬ್ಯಾಂಡನ್ನು ಕೇಳಿದ ಮೇಲೆಯೇ. ಅಲ್ಲಿ ಹೋದವರು ಮುಂದಿನ ಸಾಲನ್ನು ಬಿಟ್ಟು ಹಿಂದಿನ ಸಾಲನ್ನು ಐದು ನಿಮಿಷ ನೋಡಿದರೆ ಸಾಕು, ಸಂಗೀತವೇ ಬೇರೆಯಾಗಿ ಕೇಳಿಸೀತು.

ಕೇಳುವ ಕ್ರಮ

ಒಂದು ಜೋಡಿವಾದನವನ್ನು ಮೂರು ಸಲ ಕೇಳಬೇಕು. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಕೆಳಗಿನ ದನಿಯನ್ನು ಮಾತ್ರ ಹಿಡಿದು ಕೊನೆಯವರೆಗೆ ಬಿಡದೆ ಹೋಗಬೇಕು. ಜಾತ್ರೆಯ ಜನಜಂಗುಳಿಯಲ್ಲಿ ಅಜ್ಜನ ಬೆನ್ನು ತಪ್ಪದಂತೆ ಮಗು ನಡೆಯುವ ಹಾಗೆ. ಎರಡು ಮೂರು ಕಡೆ ಅದು ಕೈ ತಪ್ಪುತ್ತದೆ. ತಪ್ಪಿದಲ್ಲಿಯೇ ಸಾಮಾನ್ಯವಾಗಿ ಸ್ವಾರಸ್ಯವಿರುತ್ತದೆ, ಇಬ್ಬರೂ ಜಾಗ ಬದಲಾಯಿಸಿಕೊಂಡಿರುತ್ತಾರೆ. ಮೂರನೆಯ ಸಲ ಉಸಿರನ್ನು ಕೇಳಬೇಕು. ದೊಡ್ಡ ಕೊಳವೆಗೆ ಗಾಳಿ ಹೆಚ್ಚು ಬೇಕು, ಆದ್ದರಿಂದ ಇವರು ಆಗಾಗ ನಿಲ್ಲಲೇಬೇಕು. ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ದಾರವನ್ನು ಹಿಡಿದಿರುತ್ತಾನೆ. ಈ ಒಪ್ಪಂದ ಪುಟದಲ್ಲಿ ಪೂರ್ತಿ ಬರೆದಿರುವುದಿಲ್ಲ.

ಇಂದು ಬೇಕಾದ ಸಂಗೀತ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಮೊಬೈಲಿನ ಸಣ್ಣ ಸ್ಪೀಕರಿಗೆ ತಗ್ಗಿನ ಗಾಳಿಯನ್ನು ನೂಕುವ ತಾಕತ್ತಿಲ್ಲ. ಮೇಲಿನ ಉಪಸ್ವರಗಳನ್ನು ಹಿಡಿದು ಮಿದುಳು ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಟ್ಯೂಬಾ ಇದೆ ಎಂದು ತಿಳಿಯುತ್ತದೆ, ಎದೆಗೆ ತಾಗುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಅಥವಾ ಮನೆಯ ದೊಡ್ಡ ಸ್ಪೀಕರ್ ಬಳಸಿದರೆ ಇದೇ ರಚನೆ ಬೇರೆಯೇ ಆಗಿ ಕೇಳುತ್ತದೆ.

ಮನೆಯಲ್ಲಿ ಮಾಡಬಹುದಾದ ಪ್ರಯೋಗವೂ ಉಂಟು. ಒಂದೇ ಬಗೆಯ ಎರಡು ಖಾಲಿ ಬಾಟಲಿ ತೆಗೆದುಕೊಂಡು ಇಬ್ಬರು ಅವುಗಳ ಬಾಯಿಯ ಮೇಲೆ ಅಡ್ಡಕ್ಕೆ ಊದಬೇಕು. ದನಿ ಒಂದೇ ಬರುತ್ತದೆ. ಈಗ ಒಂದರೊಳಗೆ ಒಂದೆರಡು ಚಮಚ ನೀರು ಹಾಕಿ ಮತ್ತೆ ಒಟ್ಟಿಗೆ ಊದಿದರೆ ದನಿ ಅಲೆಯಾಡುವುದು ಕೇಳುತ್ತದೆ. ನೀರು ಹೆಚ್ಚಾದಂತೆ ಅಲೆ ಚುರುಕಾಗಿ ಕೊನೆಗೆ ಒರಟಾಗುತ್ತದೆ. ಇನ್ನು ತೋಟಕ್ಕೆ ನೀರು ಬಿಡುವ ಪೈಪಿನ ಎರಡು ಮೀಟರ್ ತುಂಡಿನ ತುದಿಗೆ ಒಂದು ಆಲಿಕೆ ಸಿಕ್ಕಿಸಿ, ಈಚೆಯ ತುದಿಯನ್ನು ತೊಳೆದು ತುಟಿ ಅದುರಿಸುತ್ತ ಊದಿದರೆ ಕೊಂಬಿನವರ ವಿದ್ಯೆಯ ಮೊದಲ ಪಾಠ ಸಿಗುತ್ತದೆ. ತುಟಿ ಬಿಗಿದಂತೆ ದನಿ ಹೇಗೆ ಮೆಟ್ಟಿಲು ಹಾರುತ್ತದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಅಂಥ ಎರಡು ಪೈಪು, ಇಬ್ಬರು ಮಕ್ಕಳು ಸೇರಿದರೆ ಜೋಡಿವಾದನ ಆರಂಭವಾದಂತೆಯೇ. ಮನೆಯ ಹಿರಿಯರು ಮಧ್ಯಾಹ್ನದ ನಿದ್ದೆಯಲ್ಲಿಲ್ಲವೆಂದು ನೋಡಿಕೊಂಡರಾಯಿತು.

ಹೆತ್ತವರಿಗೆ ಇಲ್ಲಿ ಬೇರೆ ಪಾಠವೇನೂ ಇಲ್ಲ. ಮಗುವಿನ ಶಾಲೆಯ ಬ್ಯಾಂಡೋ, ಸಮೂಹಗಾನವೋ, ನಾಟಕವೋ ಇರುವ ದಿನ ಅದು ಯಾವ ಸಾಲಿನಲ್ಲಿ ನಿಲ್ಲುತ್ತದೆ, ಅದರ ಕೆಲಸವೇನು ಎಂದು ಹಿಂದಿನ ರಾತ್ರಿಯೇ ಕೇಳಿ ತಿಳಿದುಕೊಂಡು ಹೋಗುವುದು ಒಳ್ಳೆಯದು. ಏನನ್ನು ಹುಡುಕಬೇಕೆಂದು ಗೊತ್ತಿದ್ದರೆ ತಗ್ಗು ದನಿ ಖಂಡಿತ ಕೇಳುತ್ತದೆ. ಮರಳಿ ಬರುವ ದಾರಿಯಲ್ಲಿ "ಅಲ್ಲಿ ನೀನು ನಿಲ್ಲಿಸಿದೆಯಲ್ಲ, ಅದು ಚಂದ ಇತ್ತು" ಎಂದು ಒಂದು ಜಾಗವನ್ನು ಹೆಸರಿಸಿ ಹೇಳಿದರೆ, ಮರುದಿನ ಆ ಮಗು ಅಭ್ಯಾಸಕ್ಕೆ ಐದು ನಿಮಿಷ ಮೊದಲೇ ಹೋಗುತ್ತದೆ.